ವಿಭೂತಿ ಚುಕ್ಕೆಯ ಆಕಾಶ

ಸುಗ್ಗಿ ಮುಗಿದ ಮೇಲೆ ಕೊಳಕೂರಿನ ಹೊಲದಿಂದ ನಮ್ಮ ಜೇವರ್ಗಿಯ ಮನೆಗೆ ಒಂದು ಟ್ರ್ಯಾಕ್ಟರ್ ತೊಗರಿ ಕಟ್ಟಿಗೆ ಬಂದು ಬೀಳುತ್ತದೆ. ಈಗ ಅಡುಗೆಗೆ ಗ್ಯಾಸ್ ಇದೆ, ಸ್ನಾನದ ನೀರಿಗೆ ಗೀಸರ್ ಇದೆ. ಆದರೂ ಬರುವ ಕಟ್ಟಿಗೆಯನ್ನು ಬೇಡ ಎನ್ನಲು ನಮ್ಮ ಮನೆಯವರಿಗೆ ಬಾಯಿ ಬರುವುದಿಲ್ಲ. ಹಿತ್ತಲಿನ ಗೋಡೆಗೆ ಅದನ್ನು ಒಟ್ಟುವ ದಿನ ನಾನೂ ಹೋಗಿ ನಿಲ್ಲುತ್ತೇನೆ. ಕಿರುಬೆರಳಿನ ಗಾತ್ರದ ಒಂದು ಕಡ್ಡಿಯನ್ನು ಪಟ್ಟನೆ ಮುರಿದರೆ ಸಾಕು, ಒಣ ಎಲೆಯ, ಹೊಟ್ಟಿನ ದೂಳಿನ, ಎಲ್ಲೋ ಒಳಗೆ ಚೂರು ಸಿಹಿಯಾದ ಆ ವಾಸನೆ ಮೂಗಿಗೆ ಬರುತ್ತದೆ. ಮುರಿದ ಕಡ್ಡಿಯನ್ನು ಒಲೆಗೆ ಹಾಕುವವರ ಹಾಗೆ ಹಿಡಿಯಲು ನನಗೆ ಇವತ್ತಿಗೂ ಆಗುವುದಿಲ್ಲ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಅದು ತಾನಾಗಿಯೇ ಕುಂಚದಂತೆ ಕೂರುತ್ತದೆ. ಆಗ ಆಳಂದದ ಮನೆ, ಆ ಮನೆಯ ಪಡಸಾಲೆ, ಪಡಸಾಲೆಯ ನೆಲದ ಮೇಲೆ ಮಂಡಿಯೂರಿ ಕುಳಿತ ನೀಲಾ ಅತ್ತೆ ಎಲ್ಲ ಒಟ್ಟಿಗೇ ಕಣ್ಣೆದುರು ಬರುತ್ತಾರೆ.

ಅದು ನನ್ನ ಅಪ್ಪನ ಅಪ್ಪ, ನಾವು ಮುತ್ಯಾ ಎಂದು ಕರೆಯುತ್ತಿದ್ದವರ ಮನೆ. ಬೀದಿಯ ಕಡೆಗೆ ಅವರ ತೊಗರಿ ವ್ಯಾಪಾರದ ಅಂಗಡಿ, ಅದರ ಹಿಂದೆ ಕಲ್ಲು ಹಾಸಿದ ಉದ್ದನೆಯ ಅಂಗಳ, ಅಂಗಳದ ಆಚೆ ಕಮಾನುಗಳ ಪಡಸಾಲೆ, ಅದರಾಚೆ ಕತ್ತಲೆ ತುಂಬಿದ ಅಡುಗೆಮನೆ. ನಿಂಬರ್ಗಾದ ಕಡೆಯಿಂದ ಚಕ್ಕಡಿಗಳು ಬಂದಾಗ ಅಂಗಳದಲ್ಲಿ ತೊಗರಿಯ ರಾಶಿಗಳು ಬೀಳುತ್ತಿದ್ದವು. ನಾವು ಮಕ್ಕಳು ಅದರ ಸುತ್ತ ಓಡಿ ಕೆಮ್ಮುತ್ತಿದ್ದೆವು. ನಾನು ಗುಲ್ಬರ್ಗಾದ ಕಾನ್ವೆಂಟಿನ ಹಾಸ್ಟೆಲಿನಲ್ಲಿದ್ದವಳು. ಅಲ್ಲಿ ಎಲ್ಲದಕ್ಕೂ ಗಂಟೆ ಬಾರಿಸುತ್ತಿತ್ತು. ಊಟಕ್ಕೆ, ಪ್ರಾರ್ಥನೆಗೆ, ಮೌನಕ್ಕೂ. ಬೇಸಿಗೆ ರಜೆಗೆ ಆಳಂದಕ್ಕೆ ಬಂದಾಗ ಮೊದಲೆರಡು ದಿನ ಗಂಟೆಗಾಗಿ ಕಾದು, ಅದು ಬಾರಿಸದೇ ಇದ್ದಾಗ ಸುಮ್ಮನೆ ಕುಳಿತುಬಿಡುತ್ತಿದ್ದೆ. "ಏನ್ ಬೇ ಸುನೀ, ಯಾರರೆ ಹೇಳಿದ್ರನಾ ಏಳ್ತಿ ಏನು?" ಎಂದು ಆಯಿ, ನಮ್ಮ ಅಜ್ಜಿ, ನಗುತ್ತಿದ್ದಳು.

ನೀಲಾ ಅತ್ತೆ ಅಪ್ಪನ ತಂಗಿ. ಹೈದರಾಬಾದಿಗೆ ಮದುವೆಯಾಗಿ ಹೋದವಳು ಕೆಲವೇ ವರ್ಷಗಳಲ್ಲಿ ಗಂಡನನ್ನು ಕಳೆದುಕೊಂಡು ಮರಳಿ ಬಂದಳು. ಮಾಮಾ ಅಲ್ಲಿನ ಒಂದು ಕಚೇರಿಯಲ್ಲಿ ಗುಮಾಸ್ತರಾಗಿದ್ದರು, ಜ್ವರ ಬಂದು ತೀರಿಕೊಂಡರು. ನನಗೆ ಅವರ ಮುಖ ನೆನಪಿಲ್ಲ. ಅತ್ತೆ ವಾಪಸು ಬರುವಾಗ ಒಂದು ಟ್ರಂಕು, ಒಂದು ಹೊಲಿಗೆ ಯಂತ್ರ ಮತ್ತು ಹಳೆಯ ಸೀರೆಯಲ್ಲಿ ಸುತ್ತಿದ ಒಂದು ಚಿತ್ರ ತಂದಿದ್ದಳು. ಚಿತ್ರ ಮಾಮಾ ಬರೆದದ್ದು. ಕಚೇರಿ ಬಿಟ್ಟ ಮೇಲೆ ಮೂಸಿ ನದಿಯ ಹಳೆಯ ಸೇತುವೆಯ ಮೇಲೆ ಕುಳಿತು, ಒಂದು ಇಡೀ ಚಳಿಗಾಲ, ಸಂಜೆಯ ಊರನ್ನು ಅವರು ರಟ್ಟಿನ ಮೇಲೆ ಇಳಿಸಿದ್ದರು. ಗುಮ್ಮಟಗಳು, ಮಿನಾರುಗಳು, ದಂಡೆಯ ಮನೆಗಳ ಸಾಲು, ನೀರಿನಲ್ಲಿ ಉದ್ದಕ್ಕೆ ಬಿದ್ದ ದೀಪಗಳು. ಆದರೆ ಇಡೀ ಚಿತ್ರದಲ್ಲಿ ಒಂದೇ ಒಂದು ಗೆರೆ ಇರಲಿಲ್ಲ. ಬರೀ ಚುಕ್ಕೆ. ತೊಗರಿ ಕಾಳಿಗಿಂತ ಸಣ್ಣ, ಸಾಸಿವೆಗಿಂತ ದೊಡ್ಡ ಚುಕ್ಕೆಗಳು; ನೀಲಿಯ ಪಕ್ಕ ಕಿತ್ತಳೆ, ಕಿತ್ತಳೆಯ ಪಕ್ಕ ಗುಲಾಬಿ, ನಡುನಡುವೆ ಬಿಳಿ. ಪರದೇಶದ ಯಾರೋ ಹಾಗೆ ಬರೆಯುತ್ತಿದ್ದರೆಂದು ಗ್ರಂಥಾಲಯದ ಪುಸ್ತಕದಲ್ಲಿ ನೋಡಿ ಮಾಮಾ ಕಲಿತರಂತೆ. ಪಡಸಾಲೆಯ ಗೋಡೆಗೆ ತೂಗುಹಾಕಿದ್ದ ಆ ಚಿತ್ರವನ್ನು ಅತ್ತೆ ಬೆಳಿಗ್ಗೆ ಕಸ ಹೊಡೆಯುವಾಗ ನೋಡುತ್ತಿರಲಿಲ್ಲ, ಸಂಜೆ ದೀಪ ಹಚ್ಚಿದ ಮೇಲೆ ನೋಡುತ್ತಿದ್ದಳು. ಯಾರಾದರೂ ಬಂದರೆ ಸೆರಗು ಸರಿಮಾಡಿಕೊಂಡು ಒಳಗೆ ಹೋಗುತ್ತಿದ್ದಳು.

ಒಂದು ವರ್ಷ ಶಿವರಾತ್ರಿಯ ಹೊತ್ತಿಗೆ ಅತ್ತೆಯ ಮೈದುನ, ಮಾಮಾನ ತಮ್ಮ, ಆಳಂದಕ್ಕೆ ಬಂದಿದ್ದರಂತೆ. ನಾನು ಆಗ ಹಾಸ್ಟೆಲಿನಲ್ಲಿದ್ದೆ. ಆಯಿ ಆಮೇಲೆ ಹೇಳಿದ್ದು. ಅವರ ತಾಯಿ ಹಾಸಿಗೆ ಹಿಡಿದಿದ್ದರು. ಮಗನ ಕೈಯ ಚಿತ್ರವನ್ನು ಕಣ್ಣೆದುರಿಗೆ ತೂಗುಹಾಕಿ ಎಂದು ಒಂದೇ ಸಮನೆ ಕೇಳುತ್ತಿದ್ದರು. ಮೈದುನ ಒತ್ತಾಯ ಮಾಡುವ ಮನುಷ್ಯನಲ್ಲ. ಚಹಾದ ಬಟ್ಟಲು ಆರಿಹೋಗುವ ತನಕ ಕೈಯಲ್ಲೇ ಹಿಡಿದುಕೊಂಡು, "ವೈನಿ, ಬಸವ ಜಯಂತಿ ಆದ ಮ್ಯಾಲ ಬರ್ತೇನಿ. ನಿಮ್ಮ ಮನಸ್ಸಿಗೆ ಬಂದ್ರ ಕೊಡ್ರಿ" ಎಂದಷ್ಟೇ ಹೇಳಿ ಹೋದರಂತೆ. ಅತ್ತೆ ಇಲ್ಲ ಎನ್ನಲಿಲ್ಲ. ಹೆತ್ತವಳು ಕೇಳಿದರೆ ಇಲ್ಲ ಎನ್ನುವುದು ಹೇಗೆ? ಆದರೆ ಆ ದಿನದಿಂದ ಅವಳ ಊಟ ಕಡಿಮೆಯಾಯಿತು ಎಂದು ಆಯಿ ನನ್ನ ಕಿವಿಯಲ್ಲಿ ಹೇಳಿದಳು. "ಅಕಿ ಹತ್ತಿರ ಅವನದು ಅಂತ ಉಳದದ್ದು ಅದೊಂದೇ ಬೇ."

ನಾನು ಬೇಸಿಗೆ ರಜೆಗೆ ಬಂದಾಗ, ಚಿತ್ರ ಹೋದರೂ ಅದರ ನಕಲೊಂದು ಮಗಳ ಬಳಿ ಉಳಿಯಲೆಂದು ಮುತ್ಯಾ ಮೊದಲು ಸುಲಭದ ದಾರಿ ನೋಡಿದರು. ಬಸ್ ಸ್ಟ್ಯಾಂಡಿನ ಹತ್ತಿರದ ಸ್ಟುಡಿಯೋದವನನ್ನು ಕರೆಸಿ ಚಿತ್ರದ ಫೋಟೋ ತೆಗೆಸಿದರು. ಅವನು ಕರಿಬಟ್ಟೆಯನ್ನು ಕಿಟಕಿಗೆ ಹಾಕಿ, ತೆಗೆದು, ಮತ್ತೆ ಹಾಕಿ, ಅಂಗೈ ಅಗಲದ ಒಂದು ಕಪ್ಪು ಬಿಳುಪು ಫೋಟೋ ತಂದುಕೊಟ್ಟ. ಅದರಲ್ಲಿ ಚುಕ್ಕೆಗಳೆಲ್ಲ ಸೇರಿ ಹೊಗೆಯಾಗಿದ್ದವು. ಅತ್ತೆ ಅದನ್ನು ನೋಡಿ ಇಲ್ಲವೆಂಬಂತೆ ಮೆಲ್ಲಗೆ ತಲೆಯಾಡಿಸಿದಳು. "ಇದರಾಗ ಊರು ಬಂದದ ಅಪ್ಪಾ. ಅವರು ಅಲ್ಲಿ ದಿನಾ ಹೋಗಿ ಕುಂತಿದ್ದು ಬಂದಿಲ್ಲ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, ಕಾನ್ವೆಂಟಿನಲ್ಲಿ ಚಿತ್ರಕ್ಕೆ ಬಹುಮಾನ ಬಂದಿದೆಯಲ್ಲ ಎಂದು ಕೇಳಿದಳು. ಬಂದಿತ್ತು, ಒಂದು ಸೋಪಿನ ಡಬ್ಬಿ. "ಹಂಗಾದ್ರ ನೀ ಬರಿ. ನಾ ಹೇಳ್ತೇನಿ. ಅವರು ಬರಿಯೋವಾಗ ಬಾಜೂಕ ಕುಂತು ನೋಡೇನಿ."

ಹೀಗೆ ಶುರುವಾಯಿತು ನಮ್ಮ ಕಲಿಕೆ. ಕುಂಚ ಹಿಡಿಯಲು ಬರುವ ಹುಡುಗಿಗೆ ಚುಕ್ಕೆಯ ವಿದ್ಯೆ ಗೊತ್ತಿಲ್ಲ, ಆ ವಿದ್ಯೆಯನ್ನು ಕಣ್ಣಾರೆ ಕಂಡವಳಿಗೆ ಕುಂಚ ಹಿಡಿಯಲು ಬರುವುದಿಲ್ಲ. ಅಪ್ಪ ಗುಲ್ಬರ್ಗಾದಿಂದ ಪೋಸ್ಟರ್ ಬಣ್ಣದ ಒಂದು ಪೆಟ್ಟಿಗೆ ಮತ್ತು ದಪ್ಪ ರಟ್ಟು ತಂದುಕೊಟ್ಟರು. ಕಾನ್ವೆಂಟಿನ ಸಿಸ್ಟರ್ ಕಲಿಸಿದಂತೆ ನಾನು ಒಂದು ತಟ್ಟೆಯಲ್ಲಿ ನೀಲಿ, ಕೆಂಪು, ಹಳದಿ ಬೆರೆಸಿ ಗುಮ್ಮಟದ ಬಣ್ಣ ಮಾಡಲು ಹೋದೆ. ಬಂದದ್ದು ಬಚ್ಚಲ ಕೆಸರಿನ ಬಣ್ಣ. ಅತ್ತೆ ತಟ್ಟೆಯನ್ನು ಎತ್ತಿ ಬದಿಗಿಟ್ಟು, ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕುಳಿತಳು. "ನಿಮ್ಮ ಮಾಮಾ ಬಣ್ಣ ಕೂಡಸ್ತಿರಲಿಲ್ಲ. ಒಂದು ಬಟ್ಟಲದಾಗ ಒಂದೇ ಬಣ್ಣ. ಕೂಡೋದು ನಮ್ಮ ಕಣ್ಣಿನಾಗ ಕೂಡ್ತದ, ಕಾಗದದ ಮ್ಯಾಲ ಅಲ್ಲ ಅಂತಿದ್ರು" ಎಂದಳು. ಇನ್ನೊಂದು ತೊಂದರೆ ಕುಂಚದ್ದು. ನನ್ನ ಕುಂಚದಿಂದ ಒಂದು ಚುಕ್ಕೆ ದುಂಡಗೆ ಬಂದರೆ ಮುಂದಿನದು ಬಾಲ ಬಿಟ್ಟುಕೊಂಡು ಕಪ್ಪೆಮರಿಯಾಗುತ್ತಿತ್ತು. ಜೋಳದ ಕಣಿಕೆಯ ದಂಟು ತಂದು ನೋಡಿದೆವು, ಅದರ ಬೆಂಡು ಬಣ್ಣವನ್ನೆಲ್ಲ ಕುಡಿದುಬಿಟ್ಟಿತು. ಕೊನೆಗೆ ಅತ್ತೆ ನೀರೊಲೆಯ ಪಕ್ಕದಿಂದ ಒಂದು ಹಿಡಿ ತೊಗರಿ ಕಡ್ಡಿ ತಂದು, ಕುಡುಗೋಲಿನಿಂದ ತುದಿಗಳನ್ನು ಸಪಾಟಾಗಿ ಕತ್ತರಿಸಿ, ಕಲ್ಲಿಗೆ ಉಜ್ಜಿ ನುಣ್ಣಗೆ ಮಾಡಿದಳು. ಬಣ್ಣಕ್ಕೆ ಅದ್ದಿ, ಒಮ್ಮೆ ಬಟ್ಟಲ ಅಂಚಿಗೆ ತಾಗಿಸಿ, ರಟ್ಟಿನ ಮೇಲಿಟ್ಟು ತೆಗೆದರೆ ಅಚ್ಚು ಹೊಡೆದ ಹಾಗೆ ಒಂದು ಚುಕ್ಕೆ. ಒಂದು ಬಣ್ಣಕ್ಕೆ ಒಂದು ಕಡ್ಡಿ. ಆಮೇಲೆ ಅತ್ತೆಯ ಕೈಯೂ ಸುಮ್ಮನಿರಲಿಲ್ಲ. ನದಿಯ ಕಡೆಯಿಂದ ಅವಳು, ಮಿನಾರಿನ ಕಡೆಯಿಂದ ನಾನು.

ಹತ್ತಿರ ಕುಳಿತು ನೋಡಿದರೆ ಏನೂ ತಿಳಿಯುತ್ತಿರಲಿಲ್ಲ. ಆಯಿ ಬಂದು ಸೊಂಟದ ಮೇಲೆ ಕೈಯಿಟ್ಟು, "ಇದೇನು ಬೇ, ಸಿಡುಬು ಎದ್ದ ಮಾರಿ ಆಗೇದಲ್ಲ" ಎಂದಳು. ಅದಕ್ಕೇ ದಿನಕ್ಕೊಮ್ಮೆ ರಟ್ಟನ್ನು ಎತ್ತಿ ಮೂಲ ಚಿತ್ರದ ಪಕ್ಕದ ಮೊಳೆಗೆ ತೂಗುಹಾಕಿ, ಪಡಸಾಲೆಯ ಮೆಟ್ಟಿಲಿಳಿದು, ಅಂಗಳ ದಾಟಿ, ಮುತ್ಯಾನ ಅಂಗಡಿಯ ಹಿಂಬಾಗಿಲ ತನಕ ಹಿಂದೆ ಹಿಂದೆ ನಡೆದು ಹೋಗಿ ನೋಡುತ್ತಿದ್ದೆವು. ನೋಡುನೋಡುತ್ತಿದ್ದಂತೆ ಚುಕ್ಕೆಗಳು ತಮ್ಮ ತಮ್ಮಲ್ಲೇ ಮಾತಾಡಿಕೊಂಡು ಒಂದಾಗುತ್ತಿದ್ದವು. ಗುಮ್ಮಟ ದುಂಡಗಾಗಿ, ನೀರು ನೀರಾಗುತ್ತಿತ್ತು. ಒಂದು ದಿನ ಮುತ್ಯಾ ತಕ್ಕಡಿ ಬಿಟ್ಟು ನಮ್ಮ ಪಕ್ಕ ಬಂದು ನಿಂತರು. ಕಣ್ಣು ಕಿರಿದು ಮಾಡಿ ನೋಡಿದರು. "ಬೇಳಿ ರಾಶಿನೂ ಹಿಂಗೇ ನೋಡು" ಎಂದರು. "ಬಗ್ಗಿ ಮುಟಗಿ ತುಂಬಿ ನೋಡಿದ್ರ ಒಂದು ಕೆಂಪ, ಒಂದು ಹಳದಿ, ಒಂದು ಸೊಟ್ಟ. ದೂರ ನಿಂತ್ರ ರಾಶಿ ತನ್ನ ಬಣ್ಣ ತಾನೇ ಹೇಳ್ತದ." ನಂತರ ಅತ್ತೆಯ ಕಡೆ ನೋಡದೆಯೇ, "ಅಳಿಯಾರು ಒಂದು ಸಲ ನನ್ನ ಅಂಗಡ್ಯಾಗ ಕುಂತು ಇದನ್ನೇ ಕೇಳಿದ್ರು. ಯಾಕ ಕೇಳ್ತಾರ ಅಂತ ನನಗ ಆವಾಗ ತಿಳೀಲಿಲ್ಲ" ಎಂದು ಒಳಗೆ ಹೋದರು. ಅತ್ತೆ ಹಿಂಬಾಗಿಲಿನಿಂದ ಅಂಗಡಿಯೊಳಗೆ ಇಣುಕಿದಳು. ಮಾಮಾ ತನ್ನ ತವರಿನ ಅಂಗಡಿಯಲ್ಲಿ ಹಾಗೆ ಕುಳಿತಿದ್ದರೆಂಬುದು ಅವಳಿಗೂ ಅವತ್ತೇ ಗೊತ್ತಾದದ್ದು.

ನಿಮ್ಮ ಮನೆಯಲ್ಲೂ ಹೀಗೊಬ್ಬರು ಇದ್ದಿರಬಹುದು, ಎದುರು ಕೂರಿಸಿಕೊಂಡು ಕೇಳಿದರೆ ಏನೂ ಹೇಳದವರು, ಕೈಗೆ ಕೆಲಸ ಸಿಕ್ಕರೆ ತಾವಾಗಿಯೇ ಬಾಯಿ ಬಿಡುವವರು. ಅತ್ತೆ ಹೈದರಾಬಾದಿನ ವಿಷಯ ಯಾರೊಂದಿಗೂ ಆಡಿದವಳಲ್ಲ. ಆ ಬೇಸಿಗೆ ಮಾತ್ರ ಒಂದೊಂದು ಚುಕ್ಕೆಗೂ ಒಂದೊಂದು ಮಾತು ಹೇಳಿದಳು. ಈ ಹಳದಿ ದೀಪ ಜಿಲೇಬಿಯವನದು, ಅವನು ಉಳಿದ ಪಾಕವನ್ನು ಮಕ್ಕಳಿಗೆ ನೆಕ್ಕಲು ಕೊಡುತ್ತಿದ್ದ. ಈ ಕಂದು ಮನೆಯ ಮಹಡಿಯಲ್ಲಿ ಒಬ್ಬ ಮುದುಕಿ ಪಾರಿವಾಳಗಳಿಗೆ ಬೈದು ಬೈದು ಕಾಳು ಹಾಕುತ್ತಿದ್ದಳು. ಮಾಮಾ ಬಣ್ಣದ ಕೈಯಲ್ಲೇ ಚಹಾ ಕುಡಿದು ಬಟ್ಟಲಿಗೆ ನೀಲಿ ಅಂಟಿಸುತ್ತಿದ್ದರು, ಆ ಬಟ್ಟಲನ್ನು ತೊಳೆಯುವಾಗ ಅವಳು ದಿನಾ ಸಿಟ್ಟಾಗುತ್ತಿದ್ದಳು. "ಈಗ ಅಂಥ ಒಂದು ಬಟ್ಟಲು ಸಿಕ್ರ ತೊಳಿಯಂಗಿಲ್ಲ" ಎಂದು ಹೇಳಿ, ತನ್ನ ಮಾತಿಗೆ ತಾನೇ ನಾಚಿದವಳಂತೆ ಬೇಗ ಬೇಗ ಚುಕ್ಕೆಯಿಟ್ಟಳು. ನಾನು ಅವಳ ಕುತ್ತಿಗೆಯ ಹಿಂದೆ ಬೆವರಿಗೆ ಅಂಟಿದ ಸಣ್ಣ ಕೂದಲುಗಳನ್ನು ನೋಡುತ್ತಿದ್ದೆ. ಮನೆಯಲ್ಲಿ ಎಲ್ಲರೂ ಅವಳನ್ನು ಪಾಪ ನೀಲಾ ಎನ್ನುತ್ತಿದ್ದರು. ಆ ಪಾಪದವಳ ಒಳಗೆ ಇಷ್ಟು ದೊಡ್ಡ ಊರೊಂದು ಇದೆ ಎಂದು ನನಗೆ ಅನಿಸಿದ್ದು ಆಗ.

ಬಸವ ಜಯಂತಿ ಬಂದು ಹೋಗುವ ಹೊತ್ತಿಗೆ ಊರೆಲ್ಲ ಮುಗಿದು ಆಕಾಶ ಉಳಿದಿತ್ತು. ಮಾಮಾನ ಆಕಾಶದಲ್ಲಿ ಕಿತ್ತಳೆ ಮತ್ತು ನೀಲಿಯ ನಡುವೆ ಬೂದು ಬಿಳಿಯ ಮಬ್ಬೊಂದು ಇತ್ತು, ಒಲೆ ಹಚ್ಚುವ ಹೊತ್ತಿನಲ್ಲಿ ಊರ ಮೇಲೆ ನಿಲ್ಲುವ ಹೊಗೆಯಂಥದ್ದು. ಅಷ್ಟು ಅಗಲಕ್ಕೆ ಚುಕ್ಕೆಯಿಡುವಷ್ಟರಲ್ಲಿ ನಮ್ಮ ಬಿಳಿ ಬಣ್ಣದ ಶೀಶೆ ಖಾಲಿಯಾಯಿತು. ಆಳಂದದ ಅಂಗಡಿಗಳಲ್ಲಿ ಗೋಡೆಗೆ ಬಳಿಯುವ ಸುಣ್ಣ ಬಿಟ್ಟರೆ ಬೇರೆ ಬಿಳಿ ಇರಲಿಲ್ಲ. ಅಪ್ಪ ಊರಲ್ಲಿರಲಿಲ್ಲ. ನಾನು ಶೀಶೆಯೊಳಗೆ ನೀರು ಹಾಕಿ ಅಲುಗಾಡಿಸುತ್ತ ಕುಳಿತಿದ್ದೆ. ಅತ್ತೆ ಎದ್ದು ದೇವರ ಜಗಲಿಗೆ ಹೋದಳು. ಬರುವಾಗ ಅವಳ ಕೈಯಲ್ಲಿ ಪೂಜೆಯ ವಿಭೂತಿ ಗಟ್ಟಿಯಿತ್ತು. ಬಟ್ಟಲಲ್ಲಿ ಅದನ್ನು ತೇಯ್ದು, ನೆನೆಸಿಟ್ಟ ಜಾಲಿ ಅಂಟು ಬೆರೆಸುವುದನ್ನು ಆಯಿ ಅಡುಗೆಮನೆಯ ಬಾಗಿಲಿನಿಂದ ನೋಡಿದಳು.

"ನೀಲಾ, ದೇವರ ವಿಭೂತಿ ಬೇ ಅದು. ಬಣ್ಣ ಅಂತ ತಿಳಿದಿ ಏನು?"

"ದಿನಾ ನನ್ನ ಹಣಿಮ್ಯಾಗ ಇರ್ತದಲ್ಲ ಅವ್ವಾ" ಎಂದಳು ಅತ್ತೆ, ತೇಯುವುದನ್ನು ನಿಲ್ಲಿಸದೆ. "ಒಂದೀಟು ಅವರ ಆಕಾಶದ ಮ್ಯಾಲ ಇದ್ರ ದೇವರು ಏನಂತಾನ?"

ಆಯಿ ಕುಂಕುಮವಿಲ್ಲದ ಮಗಳ ಹಣೆಯನ್ನೇ ನೋಡಿ, ಇನ್ನೊಂದು ಗಟ್ಟಿಯನ್ನು ತಾನೇ ತಂದು ಬಟ್ಟಲ ಪಕ್ಕ ಇಟ್ಟು ಹೋದಳು. ಹಸಿಯಾಗಿದ್ದಾಗ ಆ ಚುಕ್ಕೆ ಬರೋಬ್ಬರಿ ಮಾಮಾನ ಮಬ್ಬಿನ ಬಣ್ಣದ್ದೇ ಆಗಿತ್ತು, ಮಾಸಲು ಬೂದು. ನಮಗೆ ಹಿಗ್ಗೋ ಹಿಗ್ಗು. ಸಂಜೆಯ ಬೆಳಕು ಇರುವ ತನಕ ಕೈ ತುಂಬ ಚುಕ್ಕೆಯಿಟ್ಟೆವು, ಒಣಗಿದ ನೀಲಿ, ಕಿತ್ತಳೆಯ ಮೇಲೂ. ಮರುದಿನ ಮೈದುನ ಬರುವವರಿದ್ದರು.

ಬೆಳಿಗ್ಗೆ ಎದ್ದು ನಾನೇ ಮೊದಲು ನೋಡಿದ್ದು. ವಿಭೂತಿ ಒಣಗಿತ್ತು. ಒಣಗಿದ ವಿಭೂತಿ ಹಣೆಯ ಮೇಲೆ ಹೇಗೆ ಬೆಳ್ಳಗೆ ಎದ್ದು ಕಾಣುತ್ತದೋ ಹಾಗೆಯೇ ಆಕಾಶದ ತುಂಬ ಬೆಳ್ಳಗೆ ಎದ್ದು ನಿಂತಿತ್ತು. ದಿನಾ ಹಚ್ಚಿಕೊಳ್ಳುವ ನಮಗೆ ಅದೊಂದು ಹೊಳೆದಿರಲಿಲ್ಲ. ಮಬ್ಬು ಹೋಗಿ, ಕಿತ್ತಳೆ ತೆಳುವಾಗಿ, ಸಂಜೆಯೇ ಮಾಯವಾಗಿತ್ತು. ಎರಡೂ ಚಿತ್ರ ಅಕ್ಕಪಕ್ಕ ತೂಗುತ್ತಿದ್ದವು. ಒಂದೇ ಊರು, ಒಂದೇ ನದಿ, ಆದರೆ ನಮ್ಮದು ಮಾಮಾನ ಚಿತ್ರವಾಗಿರಲಿಲ್ಲ. ತಿದ್ದಲು ಬಣ್ಣವೂ ಇಲ್ಲ, ಹೊತ್ತೂ ಇಲ್ಲ. ನಾನು ಅಂಗಳದ ಕಲ್ಲಿನ ಮೇಲೆ ಕುಳಿತು ಅಳತೊಡಗಿದೆ. ನೀಲಾ ಅತ್ತೆ ಬಂದು, ನನ್ನನ್ನು ದಾಟಿ, ಅಂಗಡಿಯ ಹಿಂಬಾಗಿಲ ತನಕ ಹೋಗಿ ತಿರುಗಿ ನಿಂತಳು.

"ಅಳಬ್ಯಾಡ ಬೇ. ಇದು ಮುಂಜಾನಿ" ಎಂದಳು. ಅವಳ ದನಿಯಲ್ಲಿ ಸಮಾಧಾನ ಮಾಡುವವರ ಧಾಟಿ ಇರಲಿಲ್ಲ, ದಾರಿಯಲ್ಲಿ ಯಾರದೋ ಗುರುತು ಸಿಕ್ಕಿದವರ ಹಾಗಿತ್ತು. "ನಳ ಬರೋ ಹೊತ್ತು. ನಾ ಮಾಳಿಗಿ ಮ್ಯಾಲ ನೀರು ತುಂಬಾಕ ಹೋದಾಗ ಹಿಂಗೇ ಕಾಣ್ತಿತ್ತು. ಅವರಿಗೆ ಇದು ಗೊತ್ತೇ ಇಲ್ಲ. ಬಿಸಿಲು ಮೈಮ್ಯಾಲ ಬೀಳೋ ತನಕ ಮಲಗೋರು ಅವರು." ಅವಳು ಹತ್ತಿರ ಬಂದು ಸೆರಗಿನ ತುದಿಯಿಂದ ನನ್ನ ಮುಖ ಒರೆಸಿದಳು. "ಒಂದು ದಿನರೆ ಜಲ್ದಿ ಏಳ್ರಿ, ತೋರಸ್ತೇನಿ ಅಂತಿದ್ದೆ. ನಾಳೆ, ನಾಳೆ ಅಂತಿದ್ರು."

ಮೈದುನ ಮಧ್ಯಾಹ್ನದ ಬಸ್ಸಿಗೆ ಬಂದರು. ಊಟವಾದ ಮೇಲೆ ಎರಡೂ ಚಿತ್ರಗಳ ಎದುರು ನಿಂತರು. ಅವರಿಗೆ ಕಣ್ಣಲ್ಲಿ ನೀರು ಬಂದದ್ದು ಕಂಡಿತು, ಆದರೆ ಅವರು ಕನ್ನಡಕ ಒರೆಸಿಕೊಳ್ಳುವ ನೆವ ಮಾಡಿದರು. ತಾಯಿಗೆ ಈಗ ಕಣ್ಣು ಮಬ್ಬು, ಯಾವುದು ಕೊಟ್ಟರೂ ಅವರಿಗೆ ತಿಳಿಯುವುದಿಲ್ಲ ಎಂದು ಹೇಳಿ, "ಹುಡುಗಿ ಛಲೋ ಬರ್ದಾಳ. ಇದನ್ನೇ ಒಯ್ತೇನಿ ವೈನಿ. ಅಣ್ಣನ ಕೈದು ನಿಮ್ಮ ಹತ್ರನೇ ಇರ್ಲಿ" ಎಂದರು. ಆಯಿ ಕಮಾನಿನ ಕಂಬ ಹಿಡಿದುಕೊಂಡಳು. ನನಗೆ ಗೊತ್ತು, ಅತ್ತೆ ಸುಮ್ಮನೆ ತಲೆಯಾಡಿಸಿದ್ದರೆ ಸಾಕಿತ್ತು.

"ಬ್ಯಾಡ್ರಿ" ಎಂದಳು ಅವಳು. "ಅತ್ತಿಯವರಿಗೆ ಕಣ್ಣು ಕಾಣ್ದಿದ್ರೂ ಕೈ ಅದಾವಲ್ಲ. ಮಗ ಇಟ್ಟ ಚುಕ್ಕಿ ಮುಟ್ಟಿ ನೋಡ್ತಾರ." ತಾನೇ ಮಣೆಯ ಮೇಲೆ ಹತ್ತಿ ಮಾಮಾನ ಚಿತ್ರ ಇಳಿಸಿ, ಹೈದರಾಬಾದಿನಿಂದ ತರುವಾಗ ಅದಕ್ಕೆ ಸುತ್ತಿದ್ದ ಅದೇ ಹಳೆಯ ಸೀರೆಯಲ್ಲಿ ಸುತ್ತಿ, ನಾಲ್ಕೂ ಮೂಲೆಗೆ ಹತ್ತಿಯ ಉಂಡೆ ಇಟ್ಟು ಕಟ್ಟಿದಳು. ಬಸ್ಸಿನಲ್ಲಿ ತೊಡೆಯ ಮೇಲೆಯೇ ಇಟ್ಟುಕೊಳ್ಳಬೇಕು, ಮೇಲೆ ಎತ್ತಿಡಬಾರದು ಎಂದು ಮೈದುನನಿಗೆ ಎರಡೆರಡು ಸಲ ಹೇಳಿದಳು. ಅವರು ಹೋದ ಮೇಲೆ ಗೋಡೆಯ ಮೇಲೆ ಆಯತಾಕಾರದ ಬಿಳಿಯ ಗುರುತು ಉಳಿಯಿತು. ಅತ್ತೆ ಅದನ್ನು ಮುಚ್ಚಲಿಲ್ಲ. ನಮ್ಮ ಚಿತ್ರ ಅದರ ಪಕ್ಕದಲ್ಲಿ, ತನ್ನ ಮೊಳೆಗೇ ತೂಗುತ್ತಿತ್ತು.

ಕೆಲವು ವರ್ಷಗಳಲ್ಲಿ ಅವಳು ಅಫಜಲಪುರದಲ್ಲಿ ಹೊಲಿಗೆ ಕಲಿಸುವ ಕೆಲಸ ಹಿಡಿದು, ಅಲ್ಲೇ ಒಂದು ಕೋಣೆ ಮಾಡಿದಳು. ಅತನೂರಿನಿಂದಲೂ ಹುಡುಗಿಯರು ಬಸ್ಸು ಹಿಡಿದು ಬರುತ್ತಿದ್ದರು. ಪಾಪ ನೀಲಾ ಅಲ್ಲಿ ನೀಲಾ ಮೇಡಂ ಆದಳು. ಚಿತ್ರ ಹೊಲಿಗೆ ಯಂತ್ರದ ಎದುರಿನ ಗೋಡೆಯ ಮೇಲಿತ್ತು, ಗಾಜು ಹಾಕಿಸಿರಲಿಲ್ಲ. ಜಾಲಿ ಅಂಟಿನ ಆಯುಷ್ಯ ಎಷ್ಟು? ಬೇಸಿಗೆಗೊಮ್ಮೆ ಒಂದಿಷ್ಟು ವಿಭೂತಿ ಚುಕ್ಕೆಗಳು ಪುಡಿಯಾಗಿ ಚೌಕಟ್ಟಿನ ಕೆಳಪಟ್ಟಿಯ ಮೇಲೆ ಉದುರುತ್ತಿದ್ದವು. ಅತ್ತೆ ಅದನ್ನು ಕಸದ ಹಾಗೆ ಒರೆಸುತ್ತಿರಲಿಲ್ಲ. ಬೆರಳ ತುದಿಯಲ್ಲಿ ತೆಗೆದು ಹಣೆಗೆ ಹಚ್ಚಿಕೊಂಡು, ಮತ್ತೆ ಪೆಡಲಿನ ಮೇಲೆ ಕಾಲಿಡುತ್ತಿದ್ದಳು. ಒಂದೊಂದು ಚುಕ್ಕೆ ಉದುರಿದಂತೆ ಕೆಳಗಿನ ನೀಲಿ, ಕಿತ್ತಳೆ ಕಾಣತೊಡಗಿ, ಆಕಾಶ ವರ್ಷದಿಂದ ವರ್ಷಕ್ಕೆ ತುಸು ತುಸು ಕಪ್ಪಾಯಿತು.

ಮುತ್ಯಾ, ಆಯಿ ಹೋದರು. ಆಳಂದದ ಮನೆ ಕೈಬದಲಾಗಿ, ಈಗ ಅಲ್ಲಿ ಮೊಬೈಲ್ ಅಂಗಡಿಗಳ ಸಾಲಿದೆ. ಅಂಗಳದ ಕಲ್ಲುಗಳು ಯಾವ ಮನೆಯ ಪಾಯಕ್ಕೆ ಹೋದವೋ ಗೊತ್ತಿಲ್ಲ. ಹೈದರಾಬಾದಿನ ಅಜ್ಜಿ ಚಿತ್ರ ಸೇರಿದ ವರ್ಷವೇ ತೀರಿಕೊಂಡರೆಂದು ಕೇಳಿದೆ, ಆ ಚಿತ್ರವನ್ನು ನಾನು ಮತ್ತೆ ನೋಡಲಿಲ್ಲ. ಯಜಮಾನರೊಂದಿಗೆ ಎರಡು ಸಲ ಆ ಊರಿಗೆ ಹೋದಾಗ ಸೇತುವೆಯ ಮೇಲೆ ಆಟೋ ನಿಲ್ಲಿಸಲು ಜಾಗ ಸಿಗಲಿಲ್ಲ. ನಮ್ಮ ಚಿತ್ರ ಈಗ ಜೇವರ್ಗಿಯಲ್ಲಿ ನನ್ನ ಬಳಿ ಇದೆ. ಇಲ್ಲಿನ ಕೋಣೆಗಳಲ್ಲಿ ಎಷ್ಟು ಹಿಂದೆ ಸರಿದರೂ ಬೆನ್ನಿಗೆ ಫ್ರಿಜ್ ತಾಗುತ್ತದೆ. ಊರು ಊರಾಗುವುದಿಲ್ಲ, ಚುಕ್ಕೆಗಳು ಚುಕ್ಕೆಗಳಾಗಿಯೇ ಉಳಿಯುತ್ತವೆ.

ಅತ್ತೆಯನ್ನು ಕೊನೆಯ ಸಲ ನೋಡಲು ಅಫಜಲಪುರಕ್ಕೆ ಹೋದಾಗ ಅವಳು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಕಣ್ಣಿಗೆ ಪೊರೆ ಬಂದಿತ್ತು. ನನ್ನ ಬಳೆಯ ಸದ್ದಿಗೆ ಗುರುತು ಹಿಡಿದು, ಕೈಯನ್ನು ತನ್ನ ಕೈಯಲ್ಲಿ ತೆಗೆದುಕೊಂಡಳು. ಮಕ್ಕಳ ಓದು ಕೇಳಿದಳು, ಹಪ್ಪಳ ಮಾಡಿದೆಯಾ ಎಂದು ಕೇಳಿದಳು. ಆಮೇಲೆ, "ಸುನೀ, ಜರಾ ನೋಡಿ ಹೇಳು. ಇನ್ನೂ ಮುಂಜಾನಿ ಅದ ಏನು ಬೇ?" ಎಂದಳು.

ನಾನು ಎದ್ದು ಚಿತ್ರದ ಹತ್ತಿರ ಹೋದೆ. ಎಡಗಡೆ, ಮಿನಾರಿನ ತುದಿಯ ಬಳಿ ಒಂದಿಷ್ಟು ಬಿಳಿ ಉಳಿದಿತ್ತು, ಬಾಕಿ ಎಲ್ಲ ಹೋಗಿತ್ತು. ಅವಳಿಗೆ ಸುಳ್ಳು ಹೇಳಲು ನನಗೆ ಯಾವತ್ತೂ ಬಂದಿರಲಿಲ್ಲ.

"ಸಂಜಿ ಆಗಾಕತ್ತದ ಅತ್ತಿ."

ಅವಳ ಮುಖದ ಮೇಲೆ ಬೇಸರ ಹುಡುಕಿದೆ, ಇರಲಿಲ್ಲ.

"ಆಗ್ಲಿ ಬಿಡು" ಎಂದಳು. "ಅವರು ಮನಿಗಿ ಬರೋ ಹೊತ್ತು ಅದು."

ನಾನು ಚಹಾಕ್ಕೆ ನೀರಿಟ್ಟೆ.